ಹತ್ತರಲ್ಲಿ ಒಂದು ಹೋದ ಮೇಲೆ

ಮಧುಗಿರಿ
10 ಜೂನ್ 2024

ಲೋಹಿತಾ, ನಿನ್ನ ಹಳೆಯ ಲೆಕ್ಕದ ಮೇಡಂ ರಾಜಲಕ್ಷ್ಮಮ್ಮನ ಆಶೀರ್ವಾದ.

ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದೆ. ‘ಲೋಹಿತಾ ಸಿ., ಏಕೋಪಾಧ್ಯಾಯ ಶಾಲೆ, ಪಾವಗಡ ತಾಲ್ಲೂಕು’ ಎಂದಿತ್ತು. ನಮ್ಮ ಚನ್ನಮಲ್ಲಯ್ಯನವರ ಮಗಳೋ ಏನೋ ಎಂದು ವಿಚಾರಿಸಿದರೆ ನೀನೇ. ನಾಲ್ಕನೇ ತರಗತಿಯಲ್ಲಿ ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ಪೊರಕೆ ಮಾಡುತ್ತಿದ್ದವಳು ಈಗ ಒಂದು ಶಾಲೆಯನ್ನೇ ಒಬ್ಬಳೇ ನಡೆಸುತ್ತೀಯ ಎಂದರೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ವಿಷಯ ಇದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹದಿನಾಲ್ಕು ಸಣ್ಣ ಶಾಲೆಗಳಿಗೆ ಒಂದು ಟ್ರಸ್ಟಿನವರು ಟ್ಯಾಬ್ ಕೊಟ್ಟಿದ್ದಾರೆ. ಅದರಲ್ಲಿ ಮಕ್ಕಳಿಗೆ ಲೆಕ್ಕ ಅಭ್ಯಾಸ ಮಾಡಿಸುವ ಆನ್‌ಲೈನ್ ಕಾರ್ಯಕ್ರಮ ಮೂರು ಬಗೆಯವು ಇವೆ. ಮೂರನ್ನೂ ಒಂದೊಂದು ತಿಂಗಳು ನೋಡಿ ಒಂದನ್ನು ಆರಿಸಬೇಕು. ನಿವೃತ್ತಳಾಗಿ ಆರು ವರ್ಷವಾದ ನನ್ನನ್ನು ಹುಡುಕಿ ಈ ಕೆಲಸ ಕೊಟ್ಟಿದ್ದಾರೆ. ಅವುಗಳ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಒಂದನೆಯದು, ಎರಡನೆಯದು, ಮೂರನೆಯದು ಎನ್ನೋಣ.

ಟ್ರಸ್ಟಿನವರದು ಒಂದು ನಿಯಮವಿದೆ. ಪ್ರತಿ ವಾರ ಕನಿಷ್ಠ ಹತ್ತು ಮಕ್ಕಳು ಅಭ್ಯಾಸ ಮಾಡಿರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಟ್ಯಾಬ್‌ಗಳು ಬೇರೆ ಶಾಲೆಗೆ ಹೋಗುತ್ತವೆ. ಯಾವ ಮಗು ಯಾವ ಲೆಕ್ಕಕ್ಕೆ ಏನು ಉತ್ತರ ಕೊಟ್ಟಿತು ಎಂಬುದೆಲ್ಲ ನನಗೆ ಬರುತ್ತದೆ. ಜೆರಾಕ್ಸ್ ಅಂಗಡಿಯ ರಕ್ಷಾ ಶನಿವಾರ ಪ್ರಿಂಟು ತೆಗೆದು ಕೊಡುತ್ತಾಳೆ.

ನಿನ್ನ ಅಭಿಪ್ರಾಯವನ್ನು ಮಾತ್ರ ಕಾಗದದಲ್ಲಿ ಬರೆ. ಬೇರೆ ಮೇಷ್ಟರುಗಳು ಫೋನಿನಲ್ಲಿ ‘ಸೂಪರ್ ಮೇಡಂ’ ಎಂದು ಕಳಿಸಿ ಹಿಂದೆಯೇ ಕೈ ಮುಗಿದ ಚಿತ್ರ ಹಾಕಿದ್ದಾರೆ. ಅದನ್ನಿಟ್ಟುಕೊಂಡು ನಾನು ಏನು ಆರಿಸಲಿ, ನಮಸ್ಕಾರವನ್ನೇ?

ರಾಜಲಕ್ಷ್ಮಮ್ಮ


ವಳ್ಳೂರು
29 ಜೂನ್ 2024

ಪೂಜ್ಯ ಮೇಡಂ ಅವರಿಗೆ ಲೋಹಿತಾಳ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು. ಮೂರು ವರ್ಷದಲ್ಲಿ ನನಗೆ ಬಂದ ಮೊದಲ ಕಾಗದ ಇದು. ಸುತ್ತೋಲೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನನ್ನ ಶಾಲೆ ವಳ್ಳೂರಿನಿಂದ ಆಚೆ ಒಂದು ಹಟ್ಟಿಯಲ್ಲಿದೆ. ಒಂದರಿಂದ ಐದನೇ ತರಗತಿಯವರೆಗೆ ಸೇರಿ ಸರಿಯಾಗಿ ಹತ್ತು ಮಕ್ಕಳು. ಶಾಲೆಯ ಮೂರು ಕಡೆಯೂ ಸೋಲಾರ್ ಹಲಗೆಗಳು, ಇನ್ನೊಂದು ಕಡೆ ರಸ್ತೆ. ಮೊದಲು ಅಲ್ಲೆಲ್ಲ ಕಡಲೆಕಾಯಿ ಹಾಕುತ್ತಿದ್ದರಂತೆ, ಕೀಳುವ ಕಾಲದಲ್ಲಿ ಜನರ ಗದ್ದಲವಿರುತ್ತಿತ್ತಂತೆ. ಈಗ ಬೆಳಿಗ್ಗೆ ಹಲಗೆ ತೊಳೆಯುವವರು ಬಂದು ಹೋದ ಮೇಲೆ ಮನುಷ್ಯರು ಕಾಣುವುದಿಲ್ಲ.

ಒಂದನೆಯದರಲ್ಲಿ ಪ್ರತಿ ಲೆಕ್ಕದ ಪಕ್ಕ ಒಂದು ಮರಳಿನ ಗಡಿಯಾರ ಇದೆ. ಮರಳು ಮುಗಿದರೆ ಲೆಕ್ಕ ಮಾಯ. ನಾಲ್ಕನೇ ತರಗತಿಯ ಸ್ಪಂದನಾ ಮೊದಲ ದಿನವೇ ಹೇಳಿದಳು: “ಮೇಡಂ, ಆ ಮಳ್ಳು ಬೀಳಾದ್ನೇ ನೋಡ್ಕಂಡು ಕುಂತ್ರೆ ಲೆಕ್ಕ ಯಾವಾಗ ಮಾಡಾದು?” ಮೂರನೇ ತರಗತಿಯಲ್ಲಿ ಭುವನಾ ಎಂಬ ಹುಡುಗಿ ಇದ್ದಾಳೆ. ಮನೆಯಲ್ಲಿ ತೆಲುಗು, ಅಲ್ಲಿ ಚೆನ್ನಾಗಿಯೇ ಮಾತಾಡುತ್ತಾಳಂತೆ. ಶಾಲೆಯಲ್ಲಿ ಎರಡು ವರ್ಷದಿಂದ ಒಂದು ಮಾತೂ ಆಡಿಲ್ಲ, ಹಾಜರಿಗೆ ಕೈ ಎತ್ತುತ್ತಾಳೆ ಅಷ್ಟೇ. ಅವಳು ಟ್ಯಾಬನ್ನು ಬೋರಲು ಹಾಕಿ, ಮರಳು ಹೊರಗೆ ಬರದ ಹಾಗೆ ಎರಡೂ ಅಂಗೈಯಿಂದ ಒತ್ತಿ ಹಿಡಿದು ಕೂತಳು. ಇದು ಬೇಡವೆಂದು ನನ್ನ ಅನಿಸಿಕೆ.

ಸ್ಪಂದನಾ ಬುದ್ಧಿವಂತೆ. ಏಳರ ಮಗ್ಗಿ ಒಂದು ಬಿಟ್ಟರೆ ಎಲ್ಲವೂ ಬರುತ್ತದೆ. ಅವಳ ಅಪ್ಪ ಚೇತನ್ ಕುಮಾರ್ ಹಲಗೆ ತೊಳೆಯುವ ಗುತ್ತಿಗೆಯವರಲ್ಲಿ ಇರುವುದರಿಂದ ಕೆಲಸ ಮುಗಿಸಿ ಬರುವವರೆಗೆ, ನಾಲ್ಕೂವರೆವರೆಗೂ, ಅವಳು ನನ್ನ ಜೊತೆ ಜಗಲಿಯಲ್ಲಿ ಕೂತಿರುತ್ತಾಳೆ. ಇಬ್ಬರೂ ಮಾತಾಡುತ್ತೇವೆ.

ನಿಮ್ಮ ವಿದ್ಯಾರ್ಥಿನಿ
ಲೋಹಿತಾ


ಮಧುಗಿರಿ
8 ಜುಲೈ 2024

ಲೋಹಿತಾ,

ಮರಳನ್ನು ಅಂಗೈಯಿಂದ ಒತ್ತಿ ಹಿಡಿದ ಹುಡುಗಿಯ ವಿಷಯ ಓದಿ ಒಂದನೆಯದನ್ನು ಅಲ್ಲಿಗೇ ಹೊಡೆದು ಹಾಕಿದೆ. ಹದಿಮೂರು ಶಾಲೆಗಳ ‘ಸೂಪರ್’ ಒಂದು ಕಡೆ, ನಿನ್ನ ಎರಡು ಪುಟ ಒಂದು ಕಡೆ.

ನಾಲ್ಕೂವರೆಯ ಮೇಲೆ ನೀನು ಏನು ಮಾಡುತ್ತೀಯ, ಬರೆದಿಲ್ಲ. ಅಡುಗೆ ಮಾಡಿಕೊಳ್ಳುತ್ತೀಯೋ ಅಥವಾ ಬ್ರೆಡ್ಡು ತಿಂದು ಮಲಗುತ್ತೀಯೋ? ನಾನಂತೂ ಚೆನ್ನಾಗಿದ್ದೇನೆ. ತಂಗಿ ತೀರಿಕೊಂಡ ಮೇಲೆ ಮನೆಯಲ್ಲಿ ಕೆಲಸ ಕಡಿಮೆ. ಬಾಗಿಲಿಗೆ ಬಂದರೆ ಎದುರಿಗೆ ಬೆಟ್ಟ, ನೋಡುತ್ತಾ ಕೂರುತ್ತೇನೆ. ಮಧುಗಿರಿ ಈಗ ಮೊದಲಿಗಿಂತ ಎಷ್ಟೋ ನಿಶ್ಶಬ್ದವಾಗಿದೆ. ಬಸ್ಸುಗಳು ಕೂಡ ಹಾರನ್ ಹೊಡೆಯುವುದನ್ನು ಬಿಟ್ಟಿವೆ.

ಎರಡನೆಯದನ್ನು ಶುರು ಮಾಡು. ಉದ್ದ ಬರೆ.

ರಾಜಲಕ್ಷ್ಮಮ್ಮ


ವಳ್ಳೂರು
3 ಆಗಸ್ಟ್ 2024

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ಮಧುಗಿರಿ ನಿಶ್ಶಬ್ದ ಎಂದಿರಲ್ಲ, ಓದಿ ನಕ್ಕುಬಿಟ್ಟೆ. ಹೋದ ತಿಂಗಳು ಕಚೇರಿ ಕೆಲಸಕ್ಕೆ ಬಂದಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ನಿಮ್ಮ ಮನೆಗೆ ಬರಬೇಕೆಂದುಕೊಂಡೆ, ಕಡೆಯ ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟೆ. ಕ್ಷಮಿಸಿ.

ಎರಡನೆಯದರಲ್ಲಿ ಒಂದು ಗಿಳಿ. ಉತ್ತರ ಸರಿಯಾದರೆ ನಕ್ಷತ್ರ, ಐದು ನಕ್ಷತ್ರಕ್ಕೆ ಗಿಳಿಗೊಂದು ಟೋಪಿ. ಮಕ್ಕಳು ಮೊದಲ ವಾರ ಊಟದ ಗಂಟೆಯನ್ನೂ ಮರೆತರು. ನಾನು ಖುಷಿಪಟ್ಟೆ. ಎರಡನೇ ವಾರ ಹಿಂದೆ ನಿಂತು ನೋಡಿದರೆ ಸ್ಪಂದನಾ ಒಬ್ಬಳು ಬಿಟ್ಟರೆ ಯಾರೂ ಲೆಕ್ಕ ಓದುತ್ತಲೇ ಇಲ್ಲ. ನಾಲ್ಕು ಉತ್ತರ ಇರುತ್ತವೆ, ಒಂದಾದ ಮೇಲೊಂದು ಒತ್ತಿದರೆ ಯಾವುದಾದರೂ ಒಂದು ಸರಿಯಾಗುತ್ತದೆ. ಗಿಳಿಗೆ ಟೋಪಿ ಬಂತು, ಮಕ್ಕಳಿಗೆ ಲೆಕ್ಕ ಬರಲಿಲ್ಲ. ಭಿನ್ನರಾಶಿಗೆ ಪಿಜ್ಜಾ ಕತ್ತರಿಸುವ ಚಿತ್ರ ಕೊಟ್ಟಿದ್ದಾರೆ. ನಮ್ಮ ಮಕ್ಕಳು ಅದು ಸುಟ್ಟ ರೊಟ್ಟಿ ಎಂದು ತೀರ್ಮಾನಿಸಿದರು.

ಇನ್ನೊಂದು ವಿಷಯ. ಚೇತನ್ ಕುಮಾರ್ ನಿನ್ನೆ ಬಂದಿದ್ದರು. “ಗುತ್ತಿಗೆ ಮುಗ್ದೋಯ್ತು ಮೇಡಂ. ಶಿರಾ ಕಡೆ ಕೆಲ್ಸ ಐತಂತೆ, ನೋಡ್ಬೇಕು” ಎಂದರು. ಹೋದರೆ ಸ್ಪಂದನಾಳೂ ಹೋಗುತ್ತಾಳೆ. ಆಗ ಒಂಬತ್ತು ಆಗುತ್ತದೆ. ನಿಯಮ ಅಂದರೆ ನಿಯಮವೇ ಅಲ್ಲವೇ ಮೇಡಂ?

ನಾಲ್ಕೂವರೆಯ ಮೇಲೆ ಏನು ಮಾಡುತ್ತೀಯ ಎಂದು ಕೇಳಿದ್ದಿರಿ. ರೂಮಿಗೆ ಬಂದು ಅಡುಗೆ ಮಾಡುತ್ತೇನೆ. ಬೇರೆ ಹೇಳುವಂಥದ್ದೇನೂ ಇಲ್ಲ.

ಲೋಹಿತಾ


ಮಧುಗಿರಿ
12 ಆಗಸ್ಟ್ 2024

ಲೋಹಿತಾ,

ಗಿಳಿಯನ್ನೂ ಹಾರಿಬಿಟ್ಟೆ.

ನಿಯಮ ನಾನು ಮಾಡಿದ್ದಲ್ಲ. ಆದರೂ ನಿಯಮವೇ. ಒಂಬತ್ತಾದರೆ ಟ್ಯಾಬ್ ನಿನ್ನ ಶಾಲೆಯಿಂದ ಹೋಗುತ್ತದೆ, ಕೊರಟಗೆರೆ ಕಡೆಯ ಎರಡು ಶಾಲೆಗಳು ಆಗಲೇ ಕಾಯುತ್ತಿವೆ. ಆ ಹುಡುಗಿಯ ಅಪ್ಪ ಏನು ಮಾಡಿದರು, ತಿಳಿಸು.

ಮೂರನೆಯದು ಮಾತಾಡುತ್ತದಂತೆ. ಪ್ರಶ್ನೆಯನ್ನು ಒಂದು ಹೆಣ್ಣು ಧ್ವನಿ ಕನ್ನಡದಲ್ಲಿ ಓದಿ ಹೇಳುತ್ತದೆ ಎಂದು ಬರೆದಿದ್ದಾರೆ. ಆ ಧ್ವನಿ ಹೇಗಿದೆ ಎಂಬುದನ್ನು ನೀನು ವಿವರವಾಗಿ ಬರೆಯಬೇಕು. ಒರಟೋ, ಮೆತ್ತಗೋ, ಅವಸರವೋ, ಮಗು ತಪ್ಪು ಮಾಡಿದಾಗ ಬದಲಾಗುತ್ತದೆಯೋ. ಇದರಲ್ಲಿ ನಿನ್ನ ಮಾತೇ ನನಗೆ ಆಧಾರ.

ರಾಜಲಕ್ಷ್ಮಮ್ಮ


ವಳ್ಳೂರು
14 ಸೆಪ್ಟೆಂಬರ್ 2024

ಪೂಜ್ಯ ಮೇಡಂ ಅವರಿಗೆ,

ಹತ್ತು ಮಕ್ಕಳೂ ಚೆನ್ನಾಗಿದ್ದಾರೆ.

ಮೂರನೆಯದೇ ಸರಿ ಮೇಡಂ. ನೋಡಲು ಏನೂ ಇಲ್ಲ, ಬಿಳಿ ಹಾಳೆ, ಮೇಲೆ ಲೆಕ್ಕ. ಚಿಕ್ಕವರು ಮೊದಲ ದಿನ ಆಕಳಿಸಿದರು. ಆದರೆ ಅವಸರ ಇಲ್ಲ. ಉತ್ತರ ತಪ್ಪಾದರೆ ಅದೇ ಲೆಕ್ಕವನ್ನು ಬಿಡಿ, ಹತ್ತು, ನೂರು ಎಂದು ಒಂದೊಂದೇ ಮೆಟ್ಟಿಲಾಗಿ ಮತ್ತೆ ಕೇಳುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತದೆ. ಇಲ್ಲಿ ನೆಟ್‌ವರ್ಕ್ ಇಲ್ಲದಿರುವುದೇ ಹೆಚ್ಚು.

ಮುಖ್ಯ ವಿಷಯ ಬೇರೆ. ಭುವನಾ ಮಾತಾಡಿದಳು! ಧ್ವನಿ “ಮೂವತ್ತೈದರಲ್ಲಿ ಹನ್ನೆರಡು ಕಳೆದರೆ ಎಷ್ಟು?” ಎಂದಿತು. ಭುವನಾ ಅದನ್ನು ಹಾಗೆಯೇ ಪಿಸುಗುಟ್ಟಿದಳು. ಮರುದಿನ ಸ್ವಲ್ಪ ಜೋರಾಗಿ. ಈಗ ಪ್ರತಿ ಪ್ರಶ್ನೆಯನ್ನೂ ಅದರ ಹಿಂದೆಯೇ ಹೇಳುತ್ತಾಳೆ. ನನ್ನ ಜೊತೆ ಇನ್ನೂ ಇಲ್ಲ, ಟ್ಯಾಬಿನ ಜೊತೆ ಮಾತ್ರ. ನಾನು ಹತ್ತಿರ ಹೋದರೆ ನಿಲ್ಲಿಸುತ್ತಾಳೆ ಎಂದು ದೂರದಲ್ಲೇ ನಿಲ್ಲುತ್ತೇನೆ. ಈ ಟ್ಯಾಬ್ ಇಲ್ಲಿಂದ ಹೋಗಬಾರದು ಮೇಡಂ. ದಯವಿಟ್ಟು ಹೋಗಬಾರದು.

ಧ್ವನಿ ಚೆನ್ನಾಗಿದೆ. ನಿಮ್ಮ ಹತ್ತಿರವೂ ಒಂದು ಟ್ಯಾಬ್ ಇದೆಯಲ್ಲ, ನೀವೇ ಕೇಳಿರುತ್ತೀರಿ.

ಮೂರು ಸಲ ಫೋನ್ ಮಾಡಿದೆ, ನೀವು ತೆಗೆಯಲಿಲ್ಲ.

ಲೋಹಿತಾ


ಮಧುಗಿರಿ
25 ಸೆಪ್ಟೆಂಬರ್ 2024

ಲೋಹಿತಾ,

‘ಚೆನ್ನಾಗಿದೆ’ ಎಂದರೆ ಏನು? ನಾನು ಕಲಿಸಿದ್ದು ಇಷ್ಟೇನಾ? ಧ್ವನಿ ಹೇಗಿದೆ ಎಂದು ಕೇಳಿದೆ, ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಲಿಲ್ಲ.

ಮೂರನೆಯದನ್ನು ಇನ್ನೊಂದು ತಿಂಗಳು ನೋಡೋಣ. ಅವಸರ ಮಾಡಿ ಆರಿಸುವುದು ಬೇಡ. ನೀನು ಎರಡು ವಾರಕ್ಕೊಂದು ಕಾಗದ ಹಾಕಿದರೆ ಅನುಕೂಲ.

ಸ್ಪಂದನಾ ಹೇಗಿದ್ದಾಳೆ? ಅವಳ ವಿಷಯ ಈ ಸಲ ಒಂದು ಸಾಲೂ ಇಲ್ಲ. ಏಳರ ಮಗ್ಗಿ ಬಂತೇ?

ರಾಜಲಕ್ಷ್ಮಮ್ಮ


ವಳ್ಳೂರು
26 ಅಕ್ಟೋಬರ್ 2024

ಮೇಡಂ ಅವರಿಗೆ,

ದಸರಾ ರಜೆಗೆ ಮುಂಚೆಯೇ ಬರೆಯಬೇಕಿತ್ತು. ಬರೆದು ಹರಿದೆ.

ತರಬೇತಿಯಲ್ಲಿ ಶಿರಾದ ಚಿಕ್ಕಹನುಮಯ್ಯ ಮೇಷ್ಟ್ರು ಸಿಕ್ಕಿದ್ದರು. ಯಾವುದನ್ನು ಆರಿಸಿದರಂತೆ ಎಂದು ಕೇಳಿದೆ. “ಮೂರನೇದೇ ಅಂತ ಎಲ್ರಿಗೂ ಗೊತ್ತಲ್ಲಮ್ಮ. ನಿಮ್ ಮೇಡಮ್ಮೋರು ಒಂದ್ ಕಾಗ್ದ ಬರ್ದು ಕಳ್ಸಾದೊಂದೇ ಬಾಕಿ. ಅದ್ಯಾಕೆ ಹಿಂಗೆ ಎಳೀತಾವ್ರೋ ಕಾಣೆ” ಎಂದರು. ಹದಿನಾಲ್ಕು ಶಾಲೆಗಳೂ ಕಾಯುತ್ತಿವೆಯಂತೆ.

ಹಾಗಾದರೆ ನನಗೆ ಮಾತ್ರ ಇನ್ನೊಂದು ತಿಂಗಳು ಏಕೆ? ಸ್ಪಂದನಾ ಹೇಗಿದ್ದಾಳೆ, ಮಗ್ಗಿ ಬಂತೇ, ಧ್ವನಿ ಹೇಗಿದೆ, ಇದೆಲ್ಲ ಏಕೆ? ಏಳು ಸಲ ಫೋನ್ ಮಾಡಿದ್ದೇನೆ ಮೇಡಂ. ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಎದುರಿಗಿದ್ದೂ ತೆಗೆಯದವರ ಹಾಗೆ ಅನಿಸುತ್ತದೆ. ಚಿಕ್ಕವಳಿದ್ದಾಗಲೂ ನೀವು ಹೀಗೆಯೇ ಮಾಡುತ್ತಿದ್ದಿರಿ. ತಪ್ಪು ಎಲ್ಲಿದೆ ಎಂದು ಗೊತ್ತಿದ್ದರೂ ಹೇಳದೆ, ನಾವೇ ಹುಡುಕಲಿ ಎಂದು ಡೆಸ್ಕಿನ ಪಕ್ಕ ನಿಂತಿರುತ್ತಿದ್ದಿರಿ. ಬೆನ್ನ ಹಿಂದೆ ನಿಮ್ಮ ಸೀರೆಯ ಗಂಜಿಯ ವಾಸನೆ ಬಂದರೆ ನಾನು ಪೆನ್ಸಿಲಿನ ತುದಿ ಕಚ್ಚುತ್ತಿದ್ದೆ.

ಹೇಳುವುದಿದ್ದರೆ ನೇರವಾಗಿ ಹೇಳಿಬಿಡಿ.

ಲೋಹಿತಾ


ಮಧುಗಿರಿ
5 ನವೆಂಬರ್ 2024

ಲೋಹಿತಾ,

ನೇರವಾಗಿಯೇ ಹೇಳುತ್ತೇನೆ, ಮೊದಲು ನನ್ನದು.

ನನಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷವಾಯಿತು. ಮಿಷನ್ನು ಹಾಕಿಕೊಂಡರೆ ಕುಕ್ಕರಿನ ಸಿಳ್ಳೆಯ ಹಾಗೆ ಕೂಗುತ್ತದೆ, ಮಾತು ತಿಳಿಯುವುದಿಲ್ಲ. ಅದನ್ನು ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ನಿನ್ನ ಏಳು ಕರೆಗಳಲ್ಲಿ ಒಂದೂ ನನ್ನನ್ನು ಮುಟ್ಟಿಲ್ಲ. ಮೂರನೆಯದು ಮಾತಾಡುವಾಗ ನಾನು ಟ್ಯಾಬಿನ ಮೇಲೆ ಕೈಯಿಟ್ಟು ನೋಡಿದೆ, ಸಣ್ಣಗೆ ನಡುಗುತ್ತದೆ. ಅಷ್ಟೇ ನನಗೆ ಗೊತ್ತಾದದ್ದು. ಕಿವುಡಿ ಎಂದು ಗೊತ್ತಾದರೆ ಟ್ರಸ್ಟಿನವರು ಕೆಲಸ ಬೇರೆಯವರಿಗೆ ಕೊಡುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. ನಿನ್ನನ್ನು ಪರೀಕ್ಷೆ ಮಾಡಲು ಕೇಳಲಿಲ್ಲ ಮಗು, ನನಗೆ ನಿಜವಾಗಿ ಗೊತ್ತಿರಲಿಲ್ಲ.

ಚಿಕ್ಕಹನುಮಯ್ಯ ಹೇಳಿದ್ದು ಸರಿ. ನಿನ್ನ ಸೆಪ್ಟೆಂಬರಿನ ಕಾಗದ ಓದಿದ ದಿನವೇ ಮೂರನೆಯದು ಎಂದು ನಿಶ್ಚಯಿಸಿದ್ದೆ. ಬರೆದು ಕಳಿಸಿದರೆ ಕೆಲಸ ಮುಗಿಯುತ್ತದೆ, ಮುಗಿದರೆ ನಿನ್ನ ಕಾಗದ ನಿಲ್ಲುತ್ತದೆ. ಪೋಸ್ಟಿನ ಮಲ್ಲೇಶ್ ಗೇಟು ತೆಗೆಯುವುದನ್ನು ಕಾಯುತ್ತಾ ಕೂರುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಅದಕ್ಕಾಗಿ ಹದಿನಾಲ್ಕು ಶಾಲೆಯ ಮಕ್ಕಳನ್ನು ಒಂದೂವರೆ ತಿಂಗಳು ಕಾಯಿಸಿದೆ. ನಾಚಿಕೆಯಾಗುತ್ತದೆ. ನಿನ್ನೆ ಬರೆದು ಕಳಿಸಿದೆ.

ಈಗ ನಿನ್ನದು. ಸ್ಪಂದನಾ ಶಾಲೆ ಬಿಟ್ಟು ಹೋಗಿದ್ದಾಳೆ, ಅಲ್ಲವೇ?

ಜೂನ್, ಜುಲೈನಲ್ಲಿ ಅವಳ ಉತ್ತರಗಳಲ್ಲಿ ಒಂದೇ ತಪ್ಪು, ಏಳರ ಮಗ್ಗಿ. ಆಗಸ್ಟ್ ಮಧ್ಯದಿಂದ ಏಳರ ಮಗ್ಗಿ ದಿಢೀರನೆ ಸರಿಹೋಯಿತು, ಸೊನ್ನೆ ಕೈಕೊಟ್ಟಿತು. 502ರಲ್ಲಿ 178 ಕಳೆದರೆ 334 ಎಂದಿದೆ. ಬಿಡಿಯ ಎರಡರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಲ್ಲಿ ಸೊನ್ನೆ. ಐದರ ಹತ್ತಿರ ಒಂದು ತಂದು ಸೊನ್ನೆಯನ್ನು ಹತ್ತು ಮಾಡಿ, ಆ ಹತ್ತರಲ್ಲಿ ಒಂದನ್ನು ಬಿಡಿಗೆ ಕೊಡುತ್ತೇವೆ. ಕೊಟ್ಟ ಮೇಲೆ ಅಲ್ಲಿ ಉಳಿಯುವುದು ಒಂಬತ್ತು. ಒಂಬತ್ತೆಂದು ಬರೆದುಕೊಂಡರೆ 324 ಬರುತ್ತದೆ. ಹೋದದ್ದನ್ನು ಬಿಟ್ಟು ಇನ್ನೂ ಹತ್ತೇ ಇದೆ ಎಂದುಕೊಂಡು ಮುಂದೆ ಹೋದರೆ 334.

ಈ ತಪ್ಪನ್ನು ನಾಲ್ಕನೇ ತರಗತಿಯ ಎರಡನೇ ಬೆಂಚಿನಲ್ಲಿ ಒಂದು ವರ್ಷ ತಿದ್ದಿದ್ದೇನೆ. ನೀನು ಅವಳ ಹೆಸರಿನಲ್ಲಿ ಲೆಕ್ಕ ಮಾಡಿ, ಮಗುವಿನ ಹಾಗೆ ಕಾಣಲೆಂದು ಬೇಕೆಂದೇ ತಪ್ಪು ಮಾಡಿದ್ದೀಯ, ಕೈಗೆ ಬಂದದ್ದು ಮಾತ್ರ ನಿನ್ನದೇ ಹಳೆಯ ತಪ್ಪು. ಪ್ರಿಂಟಿನಲ್ಲಿ ಹೊತ್ತೂ ಇರುತ್ತದೆ, ಎಲ್ಲವೂ ಸಂಜೆ ನಾಲ್ಕೂವರೆಯ ಮೇಲೆ ಮಾಡಿದವು.

ಬೈಯಲು ನನಗೆ ಮುಖವಿಲ್ಲ. ಆದರೆ ತಪ್ಪು ಕಂಡೂ ಸರಿ ಗುರುತು ಹಾಕುವುದು ನನ್ನಿಂದಾಗದು. ನಿನ್ನ ಶಾಲೆಯಲ್ಲಿ ಒಂಬತ್ತು ಮಕ್ಕಳಿದ್ದಾರೆ ಎಂದು ಟ್ರಸ್ಟಿಗೆ ಬರೆದಿದ್ದೇನೆ. ನನ್ನ ಕಿವಿಯ ವಿಷಯವನ್ನೂ ಅದರಲ್ಲೇ ಬರೆದೆ. ಭುವನಾಳ ವಿಷಯ ಬರೆದು, ನಿಯಮ ಸಡಿಲಿಸಿ ಎಂದು ಬೇಡಿಕೊಂಡಿದ್ದೇನೆ. ಸಡಿಲಿಸುತ್ತಾರೆ ಎಂದು ನನಗೆ ಅನಿಸುವುದಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ, ನನ್ನ ಕೈಬರಹದ ಹತ್ತು ಲೆಕ್ಕ. ಒಂಬತ್ತು ಒಂಬತ್ತು ಮಕ್ಕಳಿಗೆ. ಹತ್ತನೆಯದು ನಿನಗೆ.

ರಾಜಲಕ್ಷ್ಮಮ್ಮ


ವಳ್ಳೂರು
30 ನವೆಂಬರ್ 2024

ಪೂಜ್ಯ ಮೇಡಂ ಅವರಿಗೆ,

ಹೌದು. ಆಗಸ್ಟ್ ಹದಿಮೂರಕ್ಕೆ ಹೋದರು. “ಟಿಸಿ ಆಮೇಲೆ ಬಂದು ಈಸ್ಕಂತೀನಿ ಮೇಡಂ” ಎಂದು ಚೇತನ್ ಕುಮಾರ್ ಬೈಕಿನ ಮೇಲಿಂದಲೇ ಹೇಳಿದರು. ವರ್ಗಾವಣೆ ಪತ್ರ ಒಯ್ಯದ ಕಾರಣ ಹೆಸರು ಪುಸ್ತಕದಲ್ಲಿ ಉಳಿಯಿತು. ಹಾಜರಿಯಲ್ಲಿ ದಿನವೂ ಗೈರು ಎಂದೇ ಬರೆದೆ ಮೇಡಂ, ಅಲ್ಲಿ ಸುಳ್ಳು ಹೇಳಲಿಲ್ಲ. ಟ್ಯಾಬಿನಲ್ಲಿ ಮಾತ್ರ.

ಮೊದಲು ಭುವನಾಳಿಗಾಗಿ ಮಾಡಿದೆ. ಆಮೇಲೆ ಅದೊಂದೇ ಕಾರಣವಾಗಿ ಉಳಿಯಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಜಗಲಿಯಲ್ಲಿ ಕೂತು ಸ್ಪಂದನಾಳ ಹೆಸರು ಒತ್ತಿದರೆ ಅದು “ಶಭಾಷ್ ಸ್ಪಂದನಾ, ಇನ್ನೊಂದು ಲೆಕ್ಕ ಮಾಡೋಣವೇ?” ಎನ್ನುತ್ತಿತ್ತು. ದಿನದಲ್ಲಿ ನನಗೆ ಯಾರೂ ಶಭಾಷ್ ಎನ್ನುವವರಿಲ್ಲ. ಹೆಸರು ನನ್ನದಲ್ಲದಿದ್ದರೂ ಪರವಾಗಿಲ್ಲ ಎನಿಸುತ್ತಿತ್ತು. ನನ್ನ ಮನೆ ಒಡತಿ ರಾಮಾಂಜಿನಮ್ಮ ಒಂದು ಸಂಜೆ ಹುಡುಕಿಕೊಂಡು ಬಂದು, “ಏಮ್ಮಾ ಟೀಚರಮ್ಮ, ಇಂಕಾ ಈಡೇ ಉಂಡಾವಾ? ಯಾರ್ ಜೊತೆ ಮಾತಾಡ್ತಾ ಇದೀಯ?” ಎಂದರು. ಇನ್ನೂ ಇಲ್ಲೇ ಇದ್ದೀಯಾ ಎಂದು ಕೇಳಿದ್ದು. ಮಕ್ಕಳ ಲೆಕ್ಕ ನೋಡುತ್ತಿದ್ದೇನೆ ಎಂದೆ.

ನಿಮ್ಮ ಕಾಗದ ಬಂದಾಗ ಕೋಪ ಬಂತು. ನಾಲ್ಕು ದಿನ ಹಾಜರಿ ಪುಸ್ತಕದ ಅಡಿಯಲ್ಲಿ ಇಟ್ಟಿದ್ದೆ. ಏಳು ಸಲ ಫೋನ್ ಮಾಡಿದ್ದು ನೆನಪಾಗಿ, ಗಂಟೆ ಹೊಡೆಯುವ ಫೋನಿನ ಪಕ್ಕದಲ್ಲೇ ನೀವು ಬೆಟ್ಟ ನೋಡುತ್ತಾ ಕೂತದ್ದು ಕಣ್ಣಿಗೆ ಬಂದು ಅತ್ತುಬಿಟ್ಟೆ.

ಇಪ್ಪತ್ತೆರಡಕ್ಕೆ ಜೀಪು ಬಂತು. ಹತ್ತೂ ಟ್ಯಾಬ್ ಡಬ್ಬಕ್ಕೆ ಹಾಕಿ ನನ್ನ ಸಹಿ ತೆಗೆದುಕೊಂಡರು. ಒಳ್ಳೆಯವರೇ, ಬಂದ ಹುಡುಗ ತಲೆ ಎತ್ತಿ ನೋಡಲಿಲ್ಲ. ಭುವನಾ ಗೇಟಿನವರೆಗೆ ಹೋಗಿ ನಿಂತಳು. ಮರುದಿನ ಹಾಜರಿಗೆ ಕೈ ಕೂಡ ಎತ್ತಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ.

ಸೋಮವಾರ ನಿಮ್ಮ ಹಾಳೆ ತೆಗೆದೆ. ಒಂಬತ್ತು ಲೆಕ್ಕ ಕತ್ತರಿಸಿ ಹಂಚಿ, ಹತ್ತನೆಯದನ್ನು ಮೇಜಿನ ಮೇಲಿಟ್ಟು, ಇದು ನನ್ನದು, ಯಾರಾದರೂ ಓದಿ ಹೇಳಿ ಎಂದೆ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಭುವನಾ ಬಂದು ಚೀಟಿ ತೆಗೆದುಕೊಂಡಳು. ಅಂಕಿಗಳನ್ನು ನೋಡಿ ಓದಿದಳು. “ಐನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆದರೆ ಎಷ್ಟು?”

ಧ್ವನಿ ಹೇಗಿದೆ ಎಂದು ನೀವು ಆಗಸ್ಟಿನಲ್ಲಿ ಕೇಳಿದ್ದಿರಿ. ಈಗ ಬರೆಯುತ್ತೇನೆ. ಸಣ್ಣ ಧ್ವನಿ, ಆದರೆ ಮೆತ್ತಗಿಲ್ಲ. ಶೀತ ಆದವರ ಹಾಗೆ ಸ್ವಲ್ಪ ಒಡೆದಿದೆ. ಸಾಲಿನ ಕೊನೆಯಲ್ಲಿ ತೆಲುಗಿನ ಎಳೆತ ಇದೆ, ‘ಎಷ್ಟು’ ಎನ್ನುವುದನ್ನು ಮೇಲಕ್ಕೆ ಎತ್ತಿ ಬಿಡುತ್ತಾಳೆ. ಅವಸರ ಇಲ್ಲ. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಣ್ಣು ತೆಗೆಯದೆ ಕಾಯುತ್ತಾಳೆ.

ನಾನು ಬೋರ್ಡಿನ ಮೇಲೆ ಲೆಕ್ಕ ಬರೆದೆ. ಸೊನ್ನೆಯನ್ನು ಹತ್ತು ಮಾಡಿದೆ. ಬಿಡಿಗೆ ಒಂದು ಕೊಟ್ಟೆ. ಹತ್ತನ್ನು ಹೊಡೆದು ಒಂಬತ್ತು ಬರೆಯುವಾಗ ಕೈ ಸ್ವಲ್ಪ ನಿಂತಿತು. ಬರೆದೆ. 324.

“ಶಭಾಷ್ ಲೋಹಿತಾ, ಇನ್ನೊಂದು ಲೆಕ್ಕ ಮಾಡೋಣವೇ?” ಎಂದಳು ಭುವನಾ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಲೆಕ್ಕ ಮುಗಿದಿವೆ ಮೇಡಂ. ಕಳಿಸಿ.

ಲೋಹಿತಾ